ಬೇರೆ ಬಸ್ಸು ಇಲ್ಲೆ

ವಜ್ರಳ್ಳಿ ದಾಟಿ ಮೇಲೆ ಹೋದರೆ ನೇರ್ಲಹಕ್ಲು ಅಂತ ಒಂದು ಊರು. ಅಲ್ಲಿಂದ ಮುಂದೆ ರಸ್ತೆಯೇ ಇಲ್ಲ. ಹಾಗಾಗಿ ಯಲ್ಲಾಪುರದಿಂದ ಸಂಜೆ ಬರುವ ಬಸ್ಸು ಅಲ್ಲೇ ಮುಖ ತಿರುಗಿಸಿ ನಿಂತು, ರಾತ್ರಿ ಕಳೆದು, ಬೆಳಗ್ಗೆ ವಾಪಸ್ಸು ಹೋಗುತ್ತಿತ್ತು. ವಸ್ತಿ ಬಸ್ಸು ಅಂತ ಅದಕ್ಕೆ ಹೆಸರು. ಊರವರಿಗೆಲ್ಲ ಅದು ಬರೀ ಬಸ್ಸು. ಗಿರಣಿ ಕಮಲಾಕರನಿಗೆ ಮಾತ್ರ ಅದು ಮನೆಗೆ ಬರುವ ನೆಂಟರಿದ್ದ ಹಾಗೆ.

ಕಮಲಾಕರನ ಹಿಟ್ಟಿನ ಗಿರಣಿ ಇದ್ದದ್ದು ಬಸ್ಸು ತಿರುಗುವ ಬಯಲಿನ ಅಂಚಿಗೆ, ಗಿರಣಿಗೆ ತಾಗಿಯೇ ಮನೆ. ವಯಸ್ಸು ನಲವತ್ತಾರು, ಮದುವೆಯಾಗಿಲ್ಲ. ನೋಡದೆ ಬಿಟ್ಟದ್ದಲ್ಲ ಮಾರಾಯ್ರೆ! ಶಿರಸಿ ಸೀಮೆ ನೋಡಿಯಾಯ್ತು, ಸಿದ್ದಾಪುರ ನೋಡಿಯಾಯ್ತು. ವಾನಳ್ಳಿಯಲ್ಲಿ ಜಾತಕವೇನೋ ಕೂಡಿ ಬಂತು, ಹುಡುಗಿ ಕೂಡಿ ಬರಲಿಲ್ಲ. ಬಿಳಗಿಯ ಹುಡುಗಿಯೊಬ್ಬಳು ಬಂದವಳು ಮನೆ ನೋಡಿ, ಗಿರಣಿ ನೋಡಿ, ಫೋನನ್ನು ಎತ್ತಿ ಹಿಡಿದು ಸಿಗ್ನಲ್ಲನ್ನೂ ನೋಡಿ, ಹೋಗಿ ತಿಳಿಸುತ್ತೇವೆ ಅಂದಿದ್ದಳು, ಇನ್ನೂ ತಿಳಿಸಬೇಕಷ್ಟೆ. ಈ ಸೀಮೆಯಲ್ಲಿ ಇಂಥ ಗಂಡುಗಳು ಕೇರಿಗೊಬ್ಬರು ಇದ್ದಾರೆ, ಅವರ ಕಷ್ಟ ಅಂದರೆ ಊರಿಗೆಲ್ಲ ತಮಾಷೆ. ಕಮಲಾಕರನೂ ತಮಾಷೆ ಮಾಡಿಕೊಂಡೇ ದಿನ ದೂಡುತ್ತಿದ್ದ. ಮಾತಿನ ಮಲ್ಲ ಅವನು. ಆದರೆ ಗಿರಣಿ ಓಡುವಾಗ ಮಾತಾಡಿದ್ದು ಯಾರಿಗೂ ಕೇಳುವುದಿಲ್ಲ, ಗಿರಣಿ ನಿಂತ ಮೇಲೆ ಜನ ಹಿಟ್ಟು ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಇನ್ನು ಮಾತಾಡುವುದು ಯಾರ ಹತ್ತಿರ?

ಗಫೂರಣ್ಣನ ಹತ್ತಿರ. ಅಬ್ದುಲ್ ಗಫೂರ್ ಯಲ್ಲಾಪುರ ಪೇಟೆಯವರು, ಆ ಬಸ್ಸಿನ ಡ್ರೈವರೂ ಅವರೇ ಕಂಡಕ್ಟರೂ ಅವರೇ. ನಾಲ್ಕು ವರ್ಷದಿಂದ, ವಾರದಲ್ಲಿ ಒಂದೆರಡು ದಿನ ಬಿಟ್ಟರೆ, ರಾತ್ರಿ ಅವರದ್ದು ನೇರ್ಲಹಕ್ಲಿನಲ್ಲೇ. ಮೊದಮೊದಲು ಬಸ್ಸಿನ ಸೀಟಿನ ಮೇಲೇ ಮುದುರಿಕೊಂಡು ಮಲಗುತ್ತಿದ್ದರು. ಒಂದು ಚಳಿಗಾಲದಲ್ಲಿ ಕಮಲಾಕರ ಹೋಗಿ, ಮನುಷ್ಯರು ಮಲಗುವ ಜಾಗವಾ ಇದು ಅಂತ ಬೈದು, ಗಿರಣಿಯ ಎದುರಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟ. ಅಲ್ಲಿಂದ ಶುರುವಾದದ್ದು. ಗಫೂರಣ್ಣನ ಡಬ್ಬಿಯಲ್ಲಿ ಅವರ ಹೆಂಡತಿ ನಜೀಮಾ ಕಟ್ಟಿಕೊಟ್ಟ ಚಪಾತಿ, ಇವನ ಮನೆಯ ಬಿಸಿ ಅನ್ನ, ತಂಬುಳಿ, ಮಾವಿನ ಮಿಡಿ ಉಪ್ಪಿನಕಾಯಿ. ಉಂಡು ಕೈ ತೊಳೆದು ಜಗಲಿಯಲ್ಲಿ ಕೂತರೆ ಕಮಲಾಕರನ ಮಾತಿಗೆ ಕೊನೆಯೇ ಇಲ್ಲ. ಬೆಳಗ್ಗೆಯಿಂದ ಗಂಟಲಲ್ಲಿ ಕಟ್ಟಿಕೊಂಡದ್ದೆಲ್ಲ ಹೊರಗೆ ಬರುತ್ತಿತ್ತು. ಗಫೂರಣ್ಣ ಹೂಂ ಅನ್ನುತ್ತಿದ್ದರು, ಹೌದಾ ಭಟ್ರೇ ಅನ್ನುತ್ತಿದ್ದರು. ಅಷ್ಟು ಸಾಕಿತ್ತು ಅವನಿಗೆ. ಒಬ್ಬ ಮನುಷ್ಯ ಎದುರಿಗೆ ಕೂತು ಹೂಂ ಅನ್ನುವುದು ಎಷ್ಟು ದೊಡ್ಡದು ಅಂತ ಮನೆ ತುಂಬ ಜನ ಇದ್ದವರಿಗೆ ಗೊತ್ತಾಗುವುದಿಲ್ಲ, ಬಿಡಿ.

ಹೀಗಿರುವಾಗ ಬಸ್ಸು ನಿಲ್ಲಿಸುತ್ತಾರಂತೆ ಅಂತ ಸುದ್ದಿ ಬಂತು. ಜನ ಕಡಿಮೆ, ಡೀಸೆಲ್ಲು ದಂಡ ಅಂತ ಮೇಲಿನವರ ಲೆಕ್ಕಾಚಾರ. ಆದರೆ ಈಗ ಮೊದಲಿನ ಕಾಲ ಅಲ್ಲವಲ್ಲ, ಸರ್ಕಾರ ಜನರ ಅಭಿಪ್ರಾಯ ಕೇಳದೆ ಏನೂ ಮಾಡುವುದಿಲ್ಲವಂತೆ. ‘ನಿಮ್ಮೂರ ದನಿ’ ಅಂತ ಹೊಸ ಯೋಜನೆ. ಒಂದು ನಂಬರಿಗೆ ಮಿಸ್ ಕಾಲ್ ಕೊಟ್ಟರೆ ಅದೇ ತಿರುಗಿ ಫೋನು ಮಾಡುತ್ತದೆ. ಒಬ್ಬ ಹೆಂಗಸು ಸಕ್ಕರೆಯಂಥ ದನಿಯಲ್ಲಿ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಸಂಕೋಚವಿಲ್ಲದೆ ನಿಮ್ಮ ಮನೆಮಾತಿನಲ್ಲೇ ಹೇಳಿ ಅನ್ನುತ್ತಾಳೆ. ಹೇಳಿದ್ದನ್ನು ಕಂಪ್ಯೂಟರು ಕೇಳಿಸಿಕೊಂಡು, ಬರೆದುಕೊಂಡು, ಬೇಕು ಅಂದವರೆಷ್ಟು ಬೇಡ ಅಂದವರೆಷ್ಟು ಅಂತ ವಿಂಗಡಿಸಿ ಅಧಿಕಾರಿಗಳ ಮುಂದೆ ಇಡುತ್ತದೆ. ಯಾವ ಬಸ್ಸು ಇರಬೇಕು ಯಾವುದು ಹೋಗಬೇಕು ಅನ್ನುವುದು ಇನ್ನು ಹಾಗೇ ತೀರ್ಮಾನವಾಗುವುದು.

ಊರವರಿಗೆ ಬಸ್ಸು ಹೋದರೆ ಪೇಟೆ ಹೋಯಿತು, ಆಸ್ಪತ್ರೆ ಹೋಯಿತು. ಕಮಲಾಕರನಿಗೆ ಬಸ್ಸು ಹೋದರೆ ಗಫೂರಣ್ಣ ಹೋದರು. ಇದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ನಾಚಿಕೆಗೇಡು. ಊರಿನ ಹೆಸರಿನಲ್ಲಿ ಬಸ್ಸು ಉಳಿಸಿಕೊಂಡರೆ ವಸ್ತಿಯೂ ತಾನಾಗಿಯೇ ಉಳಿಯುತ್ತದೆ ಅಂತ ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಸಿಗ್ನಲ್ಲು ಸಿಗುವುದು ಗಿರಣಿ ಎದುರಿನ ಬಯಲಲ್ಲಿ ಮಾತ್ರ. ಹಾಗಾಗಿ ಮನೆಮನೆಗೂ ಹೋಗಿ, ಭಾನುವಾರ ಸಂಜೆ ಎಲ್ಲರೂ ಬರಬೇಕು, ಬಂದು ದನಿ ಕೊಡಬೇಕು ಅಂತ ಕರೆದು ಬಂದ. ಮದುವೆ ಕರೆಯಕ್ಕೆ ಬಂದ್ಯೇನೋ ಅಂತ ಹೆಂಗಸರು ಕುಶಾಲು ಮಾಡಿದರು. ಅವನೂ ನಕ್ಕ. ಆ ಭಾನುವಾರ ಬಯಲು ತುಂಬಿತು ನೋಡಿ! ಕಮಲಾಕರ ಕಂಬಳಿ ಹಾಸಿದ, ನಿಂಬೆಹುಳಿ ಪಾನಕ ಮಾಡಿದ, ಬೆಲ್ಲ ಹೆಚ್ಚಾಯಿತು ಅಂತ ಬೈಸಿಕೊಂಡ. ಅವನ ಅಂಗಳಕ್ಕೆ ಅಷ್ಟು ಜನ ಬಂದದ್ದು ಅವನ ಅಮ್ಮ ತೀರಿಕೊಂಡಾಗಲೇ ಕಡೆ. ಮಕ್ಕಳು ಬಸ್ಸಿನ ಸುತ್ತ ಓಡುತ್ತಿದ್ದರು. ಹತ್ತು ಊರಿನ ಯಜಮಾನನ ಹಾಗೆ ಫೋನು ಹಿಡಿದುಕೊಂಡು ಅವನು ಓಡಾಡಿದ್ದೇ ಓಡಾಡಿದ್ದು.

ಮೊದಲು ಫೋನು ಹಿಡಿದದ್ದು ರಿಟೈರಾದ ವಿಶ್ವೇಶ್ವರ ಮಾಸ್ತರರು. ಗಂಟಲು ಸರಿಮಾಡಿಕೊಂಡು, ಮಾನ್ಯರೇ, ಸದರಿ ವಾಹನವನ್ನು ಹೊರತುಪಡಿಸಿ ಅನ್ಯ ಸೌಕರ್ಯವು ಇರುವುದಿಲ್ಲ ಅಂತ ಶುರುಹಚ್ಚಿದರು. ಕಮಲಾಕರ ತಡೆದ. ಫೋನು ಕಟ್ ಮಾಡಿ ಮತ್ತೆ ಹಚ್ಚಿ, ಸರ್ಕಾರವೇ ಮನೆಮಾತಿನಲ್ಲಿ ಹೇಳಿ ಅಂತ ಕಾಲು ಹಿಡಿಯುತ್ತಿರುವಾಗ ನಿಮ್ಮದೆಂಥ ಮಾಸ್ತರಿಕೆ, ಅಡುಗೆಮನೆಯಲ್ಲಿ ಅತ್ತಿಗೆ ಹತ್ತಿರ ಮಾತಾಡಿದ ಹಾಗೆ ಆಡಿ ಅಂತ ತಿದ್ದಿದ. ಮಾಸ್ತರರು ಮುನಿಸಿಕೊಂಡೇ ಹೇಳಿದರು, “ಈ ಬಸ್ಸೊಂದು ಬಿಟ್ರೆ ಎಂಗಳ ಊರಿಗೆ ಬೇರೆ ಬಸ್ಸು ಇಲ್ಲೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳಿದರು. ಬೇರೆ ಬಸ್ಸು ಇಲ್ಲೆ. ಆಸ್ಪತ್ರೆಗೆ ಹೋಪಲೆ ದಾರಿ ಇಲ್ಲೆ. ತೋಟದ ಮನೆಗಳವರದ್ದೆಲ್ಲ ಅದೇ ಮಾತು, ಅವರಲ್ಲಿ ‘ಇಲ್ಲ’ ಅನ್ನುವುದಕ್ಕೆ ‘ಇಲ್ಲೆ’ ಅನ್ನುವುದೇ ರೂಢಿ. ಅದರಲ್ಲಿ ತಪ್ಪೇನು ಬಂತು?

ಎಲ್ಲರೂ ಹೋದ ಮೇಲೆ ಕಮಲಾಕರ ಒಬ್ಬನೇ ಕಂಬಳಿ ಮಡಚಿದ. ಅವತ್ತು ಗಫೂರಣ್ಣನ ರಜೆ, ಬಂದವರು ಬೇರೆ ಡ್ರೈವರು, ಉಂಡು ಬಸ್ಸಿನಲ್ಲೇ ಮಲಗುವವರು. ಅಷ್ಟು ಜನ ಇದ್ದು ಹೋದ ಬಯಲು ಮೊದಲಿಗಿಂತ ಹೆಚ್ಚು ಭಣಭಣ ಅನ್ನುತ್ತಿತ್ತು. ತನ್ನ ದನಿ ಕೊಡುವುದು ಬಾಕಿ ಇದೆ ಅಂತ ಅವನಿಗೆ ಆಗ ನೆನಪಾಯಿತು. ಮಿಸ್ ಕಾಲ್ ಕೊಟ್ಟ. ಸಂಕೋಚವಿಲ್ಲದೆ ಹೇಳಿ ಅಂದಳು ಆ ಹೆಂಗಸು. ಅಷ್ಟು ಅಕ್ಕರೆಯಿಂದ ಅವನನ್ನು ಯಾರೂ ಕೇಳಿ ಎಷ್ಟೋ ಕಾಲವಾಗಿತ್ತು. ಹೇಳಬಾರದು ಅಂದುಕೊಂಡಿದ್ದದ್ದು ಬಾಯಿಗೆ ಬಂದುಬಿಟ್ಟಿತು.

“ವಸ್ತಿ ತೆಗೆಯಡಿ. ಬಸ್ಸು ಇಲ್ಲಿ ನಿಂತ್ಕಳ್ಳದೆ ಹೋದ್ರೆ ಎಂಗೆ ಮಾತಾಡ್ಲೆ ಒಂದು ಜನ ಇಲ್ಲೆ.”

ತನಗೆ ಮಾತಾಡಲು ಜನವಿಲ್ಲ ಅಂತ ಬಾಯಿಬಿಟ್ಟದ್ದಕ್ಕೆ ಅವನ ಕೆನ್ನೆ ಬಿಸಿಯಾಯಿತು. ಮಿಷನ್ನಿಗೆ ತಾನೇ ಹೇಳಿದ್ದು, ಯಾರು ಕೇಳುತ್ತಾರೆ ಅಂತ ಸಮಾಧಾನ ಮಾಡಿಕೊಂಡ.

ಸ್ವಲ್ಪ ದಿನದಲ್ಲೇ ಎಲ್ಲರ ಫೋನಿಗೂ ಮೆಸೇಜು ಬಂತು. ನಿಮ್ಮೂರ ದನಿಯನ್ನು ಆಲಿಸಿದ್ದೇವೆ, ಧನ್ಯವಾದ. ಬೇರೆ ಬಸ್ಸು ಇರುವುದಾಗಿ ಹೆಚ್ಚಿನ ಗ್ರಾಮಸ್ಥರು ತಿಳಿಸಿರುವುದರಿಂದ ನೇರ್ಲಹಕ್ಲು ಬಸ್ಸನ್ನು ರದ್ದುಪಡಿಸಲು ಉದ್ದೇಶಿಸಲಾಗಿದೆ, ಆಕ್ಷೇಪವಿದ್ದವರು ಯಲ್ಲಾಪುರದ ಸಭೆಗೆ ಬರಬಹುದು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು! ಊರಿಗೆ ಊರೇ ಕಮಲಾಕರನ ಮೇಲೆ ತಿರುಗಿಬಿತ್ತು. ಸುಮ್ಮನಿದ್ದಿದ್ದರೆ ಇನ್ನೊಂದು ವರ್ಷ ಬಸ್ಸು ತನ್ನಷ್ಟಕ್ಕೆ ಬರುತ್ತಿತ್ತು, ಅಭಿಪ್ರಾಯ ಅಭಿಪ್ರಾಯ ಅಂತ ಕುಣಿದು ಇವನೇ ಕಳೆದ ಅಂದರು. ಮಾಸ್ತರರಂತೂ, ತನ್ನ ಬಾಯಿ ಮುಚ್ಚಿಸಿದ್ದಕ್ಕೆ ಅನುಭವಿಸಲಿ ಅಂತ ಎದುರಿಗೇ ಹೇಳಿದರು. ಗಿರಣಿಗೆ ಬಂದವರು ಚೀಲ ಇಟ್ಟು ಹೋಗುತ್ತಿದ್ದರು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಏನು ತಪ್ಪಾಯಿತು ಅಂತ ಅವನಿಗೆ ತಲೆಬುಡ ತಿಳಿಯಲಿಲ್ಲ. ರಾತ್ರಿ ಗಫೂರಣ್ಣನ ಮುಂದೆ ಇದನ್ನೇ ತಿರುಗಾ ಮುರುಗಾ ಹೇಳಿಕೊಂಡ. ಅವರು ಎಂದಿನ ಹಾಗೆ ಹೂಂ ಅಂದರು, ನೋಡೋಣ ಬಿಡಿ ಭಟ್ರೇ ಅಂದರು.

ಸಭೆಯ ದಿನ ಊರವರೆಲ್ಲ ಗಫೂರಣ್ಣನ ಬಸ್ಸಿನಲ್ಲೇ ಯಲ್ಲಾಪುರಕ್ಕೆ ಹೋದರು. ಇಳಿಸಿ ಅವರು ಡ್ಯೂಟಿಯ ಮೇಲೆ ಬೇರೆ ಊರಿನ ದಾರಿ ಹಿಡಿದರು. ಸಭೆ ನಡೆಸಲು ಬಂದಿದ್ದವಳು ಯೋಜನೆಯ ಅಧಿಕಾರಿ ಸ್ಫೂರ್ತಿ, ಹಾವೇರಿ ಕಡೆಯ ಹುಡುಗಿ. ಬರ್ರಿ, ಕುಂದರ್ರಿ ಅಂತ ಎಲ್ಲರನ್ನೂ ಕೈ ಮುಗಿದು ಕೂರಿಸಿದಳು. ಗೋಡೆಯ ಮೇಲೆ ಪರದೆ ಬಿಟ್ಟು ನೇರ್ಲಹಕ್ಲಿನವರ ದನಿಗಳ ಲೆಕ್ಕದ ಚಿತ್ರ ತೋರಿಸಿದಳು. ಬೇರೆ ಬಸ್ಸು ಇದೆ ಅನ್ನುವವರ ಕಂಬ ಸೂರು ಮುಟ್ಟುವ ಹಾಗಿತ್ತು, ಇಲ್ಲ ಅನ್ನುವವರದ್ದು ನೆಲ ಬಿಟ್ಟು ಎದ್ದಿರಲಿಲ್ಲ.

ಗದ್ದಲ ಎದ್ದಿತು. ಯಾವ ಬಸ್ಸು, ಯಾರಪ್ಪನ ಬಸ್ಸು, ತೋರಿಸಿ ಅಂತ ಮಾಸ್ತರರು ಎದ್ದು ನಿಂತರು. ಸ್ಫೂರ್ತಿ ಸಿಟ್ಟಾಗಲಿಲ್ಲ. ನೀವೇ ಹೇಳಿದ್ದು ಐತಲ್ರೀ ಸರ್, ಕೇಳ್ರಿ ಅಂತ ಮಾಸ್ತರರದ್ದೇ ದನಿ ಹಚ್ಚಿದಳು. ಈ ಬಸ್ಸೊಂದು ಬಿಟ್ರೆ ಎಂಗಳ ಊರಿಗೆ ಬೇರೆ ಬಸ್ಸು ಇಲ್ಲೆ ಅಂತ ಮಾಸ್ತರರು ಗೋಡೆಯೊಳಗಿಂದ ಹೇಳಿದರು. ಅದರ ಕೆಳಗೇ ಪರದೆಯ ಮೇಲೆ ಕಂಪ್ಯೂಟರು ಬರೆದದ್ದು ಮೂಡಿತು: ಬೇರೆ ಬಸ್ಸು ಇಲ್ಲೇ ಇದೆ.

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಅಷ್ಟೇ, ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇವರ ಇಲ್ಲೆ ಅದಕ್ಕೆ ಇಲ್ಲೇ ಆಗಿಬಿಟ್ಟಿತ್ತು. ಬಸ್ಸೂ ಇಲ್ಲೇ, ಆಸ್ಪತ್ರೆಗೆ ದಾರಿಯೂ ಇಲ್ಲೇ, ಇಂಥ ಸುಖದ ಊರಿಗೆ ಸರ್ಕಾರ ಬಸ್ಸು ಯಾಕೆ ಕೊಟ್ಟೀತು? ಸ್ಫೂರ್ತಿಯೂ ಬಾಯಿಗೆ ಕೈ ಹಿಡಿದು ನಕ್ಕಳು. ನಮ್ಮ ಕಡೆ ಇಲ್ಲೇ ಅಂದ್ರ ಇಲ್ಲೇ ಐತಿ ಅಂತರೀ, ನನಗೂ ಸಂಶಯ ಬರಲಿಲ್ಲ, ತಪ್ಪಾತು ಅಂದಳು. ಅಲ್ಲೇ ಕೂತು ಯಾರಿಗೋ ಫೋನು ಮಾಡಿ ತಿದ್ದಿಸಿದಳು. ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲಿನ ಕಂಬಗಳು ತಲೆಕೆಳಗಾಗಿದ್ದವು. ಬಸ್ಸು ಉಳಿಯಿತು ಅಂತ ಜನ ಕಮಲಾಕರನ ಬೆನ್ನು ತಟ್ಟಿದರು. ನಿನ್ನೆ ಬೈದವರೇ ಅವರು! ಅವನಿಗೆ ಕಣ್ಣು ತುಂಬಿ ಬಂತು.

ಆದರೆ ಮಾತು ಇನ್ನೂ ಮುಗಿದಿರಲಿಲ್ಲ. ಬಸ್ಸು ಬೇಕು ಅನ್ನುವುದು ಖರೆ, ಆದರ ಅದು ರಾತ್ರಿ ಊರಾಗ ನಿಂದ್ರೋದು ಬೇಕೇನ್ರಿ ಅಂತ ಸ್ಫೂರ್ತಿ ಕೇಳಿದಳು. ಸಂಜೆ ಬಂದು ಕೂಡಲೇ ತಿರುಗಿ ಹೋಗಿ, ಬೆಳಗ್ಗೆ ಇನ್ನೊಂದು ಬಸ್ಸು ಬಂದು ಕರೆದೊಯ್ದರೆ ಊರವರಿಗೆ ನಷ್ಟವಿಲ್ಲ, ಸಂಜೆ ಪೇಟೆ ಕಡೆ ಹೋಗುವವರಿಗೆ ಒಂದು ಬಸ್ಸು ಲಾಭ. ಜನ ತಲೆದೂಗಿದರು. ಒಳ್ಳೆಯದೇ ಆಯಿತಲ್ಲ ಅಂದರು. ಕಮಲಾಕರ ಏಳಬೇಕು ಅಂದುಕೊಂಡ. ಏನಾದರೂ ನೆಪ ಹೇಳಬೇಕು, ಬೆಳಗಿನ ಬಸ್ಸು ಕೆಟ್ಟು ನಿಂತರೆ ಏನು ಗತಿ ಅಂತಲೋ, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಅಂತಲೋ.

ಅಷ್ಟರಲ್ಲಿ ಅವಳು, ಬಸ್ಸು ಓಡ್ಸೋರ ದನಿನೂ ಕೇಳೀವ್ರಿ, ಹೆಸರು ಹೇಳಂಗಿಲ್ಲ ಅಂತ ಇನ್ನೊಂದು ದನಿ ಹಚ್ಚಿದಳು. ಹೆಸರು ಯಾಕೆ ಬೇಕು? ಮೊದಲ ಕೆಮ್ಮಿಗೇ ಕಮಲಾಕರನಿಗೆ ಗೊತ್ತಾಯಿತು.

“ಆ ಊರಲ್ಲಿ ಮಲಗೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಮನೇಲಿ ಮಗಳು ದೊಡ್ಡವಳಾಗಿದ್ದು ನಾನು ನೋಡ್ಲೇ ಇಲ್ಲ, ನಾನು ಹೋಗೋ ಹೊತ್ತಿಗೆ ಅವಳು ಶಾಲೆಗೆ ಹೋಗಿರ್ತಾಳೆ. ಅಲ್ಲೊಬ್ಬರು ಭಟ್ರು ಇದಾರೆ. ತುಂಬಾ ಒಳ್ಳೆಯವರು, ಊಟ ಹಾಕ್ತಾರೆ. ಮಾತಾಡ್ತಾನೇ ಇರ್ತಾರೆ. ನನಗೆ ನಿದ್ದೆ ಎಳೀತಿರ್ತದೆ, ಆದ್ರೂ ಹೂಂ ಹೂಂ ಅಂತ ಕೂತಿರ್ತೀನಿ. ಅವರ ಮುಖ ನೋಡಿ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಅದಕ್ಕೇ ಇಲ್ಲಿ ಹೇಳ್ತಿದೀನಿ. ರಾತ್ರಿ ನನ್ನ ಮನೆಗೆ ನಾನು ಹೋಗೋ ಹಾಗೆ ಮಾಡಿಕೊಡಿ.”

ನೇರ್ಲಹಕ್ಲಿನವರು ಒಬ್ಬೊಬ್ಬರಾಗಿ ಕಮಲಾಕರನ ಕಡೆ ನೋಡಿ, ನೋಡದವರ ಹಾಗೆ ಮುಖ ತಿರುಗಿಸಿದರು. ಅವನು ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತ ಕೂತ. ನಿದ್ದೆ ಎಳೆಯುತ್ತಿತ್ತಂತೆ. ನಾಲ್ಕು ವರ್ಷ! ಒಂದು ದಿನ ಆಕಳಿಸಿ ಎದ್ದು ಹೋಗಬಾರದಿತ್ತೇ ಪುಣ್ಯಾತ್ಮ, ಸಾಕು ಭಟ್ರೇ ಅನ್ನಬಾರದಿತ್ತೇ? ಸಿಟ್ಟು ಬಂತು ಅವನಿಗೆ. ಸಿಟ್ಟಿನ ಹಿಂದೆಯೇ ಆ ಮಗಳು ನೆನಪಾದಳು. ಅವಳ ವಿಷಯ ತಾನು ಒಂದು ಸಲವೂ ಕೇಳಿರಲಿಲ್ಲ. ಅವಳ ಹೆಸರೇ ಗೊತ್ತಿರಲಿಲ್ಲ.

ಸ್ಫೂರ್ತಿ ಲ್ಯಾಪ್‌ಟಾಪು ನೋಡುತ್ತ, ವಸ್ತಿ ಬಗ್ಗೆ ನಿಮ್ಮೂರಿಂದ ಒಂದೇ ಒಂದು ದನಿ ಬಂದೈತಿ, ಅದನ್ನೂ ತಪ್ಪು ಬರೆದಿರಬೇಕು, ಮಾತಾಡಾಕ ಜನ ಇಲ್ಲೇ ಅಂತ ಐತಿ, ಕೇಳೋಣೇನ್ರಿ ಅಂದಳು. ಬೆರಳು ಗುಂಡಿಯ ಮೇಲೆ ಇತ್ತು. ಒತ್ತಿದರೆ ಊರಿಗೆ ಊರೇ ಕೇಳುತ್ತಿತ್ತು. ಅದು ಕೇಳಿಸಿಬಿಟ್ಟರೆ ಯಾರಿಗಾದರೂ ಕರುಳು ಚುರುಕ್ಕೆಂದು, ಪಾಪ ವಸ್ತಿ ಇರಲಿ ಬಿಡಿ ಅಂದರೂ ಅಂದಾರು. ಆಗ ಗಫೂರಣ್ಣ ಮತ್ತೆ ಬಂದು ಜಗಲಿಯಲ್ಲಿ ಕೂತು, ನಿದ್ದೆ ತಡೆದುಕೊಂಡು, ಹೂಂ ಅನ್ನಬೇಕು.

ಕಮಲಾಕರ ಎದ್ದು ನಿಂತ.

“ಕೇಳದು ಎಂತೂ ಬೇಡ ಮೇಡಂ,” ಅಂದ. “ವಸ್ತಿ ಬೇಕು ಹೇಳವ್ರು ಎಂಗಳ ಊರಲ್ಲಿ ಯಾರೂ ಇಲ್ಲೆ.”

ಅವಳು ತಲೆಯೆತ್ತಿ ನೋಡಿದಳು. ಆ ದನಿ ಯಾರದ್ದು ಅಂತ ಅವಳಿಗೆ ಗೊತ್ತಾಯಿತೋ ಏನೋ, ಗುಂಡಿಯ ಮೇಲಿನ ಬೆರಳು ತೆಗೆದಳು. “ಇಲ್ಲೆ ಅಂದ್ರ ಇಲ್ಲ, ಅಲ್ಲೇನ್ರಿ ಅಣ್ಣಾವ್ರ?” ಅಂತ ಮೆಲ್ಲಗೆ ಕೇಳಿದಳು. ಜನ ಮತ್ತೆ ನಕ್ಕರು. ಹೌದು ಅಂತ ಕಮಲಾಕರ ತಲೆ ಆಡಿಸಿದ. ಅವಳು ಹಾಗೇ ಬರೆದುಕೊಂಡಳು.

ಮುಂದಿನ ತಿಂಗಳಿನಿಂದ ಹೊಸ ವೇಳಾಪಟ್ಟಿ. ಅಲ್ಲಿಯವರೆಗೆ ವಸ್ತಿ ನಡೆಯಿತು. ಆದರೆ ಕಮಲಾಕರ ಊಟವಾದ ಕೂಡಲೇ, ನನಗೆ ಈಚೆಗೆ ಬೇಗ ನಿದ್ದೆ ಬರುತ್ತದೆ ಅಂತ ಒಳಗೆ ಹೋಗಿಬಿಡುತ್ತಿದ್ದ. ಒಳಗೆ ಹೋಗಿ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದ. ಮಗಳ ಹೆಸರು ಒಂದು ದಿನ ಕೇಳಿದ. ನಿಲೋಫರ್ ಅಂದರು. ಚೆಂದ ಹೆಸರು ಅಂದ. ಗಫೂರಣ್ಣನಿಗೆ ಆಶ್ಚರ್ಯವಾಗಿರಬೇಕು, ಇನ್ನೇನೋ ಹೇಳಲು ಬಾಯಿ ತೆರೆದರು, ಇವನು ಅಷ್ಟರಲ್ಲಿ ಎದ್ದಾಗಿತ್ತು. ಸಭೆಯಲ್ಲಿ ಅವರ ದನಿ ಕೇಳಿಸಿದ ಸುದ್ದಿಯನ್ನು ಅವರಿಗೆ ಯಾರೂ ಹೇಳಲಿಲ್ಲ. ಹೇಳಕೂಡದು ಅಂತ ಕಮಲಾಕರನೇ ಊರವರ ಹತ್ತಿರ ಕೇಳಿಕೊಂಡಿದ್ದ. ಅದೊಂದು ಮಾತನ್ನು ಊರು ನಡೆಸಿಕೊಟ್ಟಿತು.

ಹೊಸ ವೇಳಾಪಟ್ಟಿಯ ಮೊದಲ ಸಂಜೆ ಬಸ್ಸು ಬಂತು. ಜನ ಇಳಿದರು, ಪೇಟೆಗೆ ಹೋಗುವವರು ಇಬ್ಬರೋ ಮೂವರೋ ಹತ್ತಿದರು. ಗಫೂರಣ್ಣ ಇಳಿಯಲಿಲ್ಲ, ಇಂಜಿನ್ನು ಚಾಲೂ ಇತ್ತು. ಕಮಲಾಕರ ಕಿಟಕಿಯ ಹತ್ತಿರ ಹೋಗಿ ನಿಂತ. ಅವರು ಮುಖ ಗಂಭೀರ ಮಾಡಿಕೊಂಡು, ಏನು ಮಾಡೋದು ಭಟ್ರೇ, ಮೇಲಿನವರ ಆರ್ಡರು, ನಮ್ಮ ಕೈಯಲ್ಲಿ ಏನಿದೆ ಅಂದರು. ಇವನೂ ಮೇಲಿನವರಿಗೆ ನಾಲ್ಕು ಬೈದ. ಇಬ್ಬರೂ ಸೇರಿ ಇನ್ನೊಂದಿಷ್ಟು ಬೈದರು.

ಆಮೇಲೆ ಗಫೂರಣ್ಣ ಗೇರಿನ ಮೇಲೆ ಕೈ ಇಟ್ಟುಕೊಂಡು, ಇವನ ಕಡೆ ನೋಡದೆ ಕೇಳಿದರು, “ವಸ್ತಿ ಬೇಕು ಅಂತ ನಿಮ್ಮೂರಲ್ಲಿ ಒಬ್ಬರೂ ಹೇಳಲಿಲ್ವಂತೆ. ನೀವೂ ಹೇಳಲಿಲ್ವಾ ಭಟ್ರೇ?”

“ಇಲ್ಲ ಗಫೂರಣ್ಣ,” ಅಂದ ಕಮಲಾಕರ. “ನಂಗೆ ಅದು ಹೊಳೀಲೇ ಇಲ್ಲ.”

ಗಫೂರಣ್ಣನ ಮುಖ ಸಣ್ಣದಾಯಿತು. ಮನೆಗೆ ಹೋಗುವ ಆಸೆ ಇದ್ದದ್ದು ಖರೆ, ಆದರೆ ಇಷ್ಟು ವರ್ಷ ಉಂಡ ಮನೆಯವರು ಒಂದು ಮಾತಿಗಾದರೂ ಇರಲಿ ಅನ್ನಲಿಲ್ಲವಲ್ಲ ಅಂತ ಅನ್ನಿಸಿರಬೇಕು. ಆಯ್ತು ಬಿಡಿ, ಬರ್ತೀನಿ ಅಂದರು. ಗೇರು ಬಿತ್ತು. ಬಸ್ಸು ತಿರುಗಿ ವಜ್ರಳ್ಳಿಯ ದಾರಿ ಹಿಡಿಯಿತು.

ಅದರ ಸದ್ದು ಕೆಳಗಿನ ತಿರುವು ದಾಟುವವರೆಗೂ ಕಮಲಾಕರ ಅಲ್ಲೇ ನಿಂತಿದ್ದ.

“ಆನು ಹೇಳಿದ್ದೆ, ಗಫೂರಣ್ಣ,” ಅಂದ. “ಆನೊಬ್ಬನೇ ಹೇಳಿದ್ದು.”

ಬಯಲಲ್ಲಿ ಯಾರೂ ಇರಲಿಲ್ಲ.